ರಾಜಾ ದೀನ್ ದಯಾಳ್: ಆಸ್ಥಾನ ಛಾಯಾಗ್ರಾಹಕನ ಬದುಕು ಮತ್ತು ಕಲೆ

ಭಾರತೀಯ ಛಾಯಾಗ್ರಹಣದ ಆರಂಭಕಾಲವನ್ನು ಕುರಿತ ಚರ್ಚೆಗಳಲ್ಲಿ ರಾಜಾ ದೀನ್ ದಯಾಳ್ (1844–1905) ಅವರ ಹೆಸರು ತಪ್ಪದೆ ಬರುತ್ತದೆ. ಅವರನ್ನು ಕುರಿತು ಎರಡು ಬಗೆಯ ನಿಲುವುಗಳು ರೂಢಿಯಲ್ಲಿವೆ. ಕ್ಯಾಮರಾವನ್ನು ಕಲಾಮಾಧ್ಯಮದ ಎತ್ತರಕ್ಕೆ ಒಯ್ದ ಮೊದಲ ಭಾರತೀಯರಲ್ಲಿ ಒಬ್ಬರೆಂದು ಕೊಂಡಾಡುವುದು ಒಂದು. ಅರಸರ ಮತ್ತು ವಸಾಹತುಶಾಹಿ ಅಧಿಕಾರಿಗಳ ವೈಭವವನ್ನು ಚಿತ್ರಿಸಿದ ಆಸ್ಥಾನಸೇವಕರೆಂದು ಬದಿಗಿಡುವುದು ಇನ್ನೊಂದು. ಈ ಎರಡು ನಿಲುವುಗಳ ನಡುವೆ ಅವರ ಚಿತ್ರಗಳನ್ನು ಓದುವ ಕ್ರಮವೊಂದನ್ನು ಹುಡುಕುವುದು ಪ್ರಸ್ತುತ ಲೇಖನದ ಉದ್ದೇಶ. ಕನ್ನಡದ ಅಧ್ಯೇತೃಗಳಿಗೆ ಇದು ಹೊರನಾಡಿನ ಸಂಗತಿಯೇನೂ ಅಲ್ಲ. ಅವರು ಸೇವೆ ಸಲ್ಲಿಸಿದ ಹೈದರಾಬಾದ್ ಸಂಸ್ಥಾನದಲ್ಲಿ ಬೀದರ, ಗುಲಬರ್ಗಾ ಮತ್ತು ರಾಯಚೂರು ಜಿಲ್ಲೆಗಳು ಸೇರಿದ್ದವು. 1956ರಲ್ಲಿ ಮೈಸೂರು ರಾಜ್ಯದೊಡನೆ ಒಂದಾದ, 2019ರಿಂದ ಕಲ್ಯಾಣ ಕರ್ನಾಟಕವೆಂದು ಕರೆಯಲ್ಪಡುತ್ತಿರುವ ಈ ಭಾಗದ ಜನ ಯಾವ ಪ್ರಭುತ್ವದ ಪ್ರಜೆಗಳಾಗಿದ್ದರೋ ಅದರ ಮುಖವನ್ನು ದೀನ್ ದಯಾಳರು ಗಾಜಿನ ಫಲಕಗಳ ಮೇಲೆ ಮೂಡಿಸಿದರು.

ದೀನ್ ದಯಾಳರು ಹುಟ್ಟಿದ್ದು ಮೀರತ್ ಸಮೀಪದ ಸರ್ಧಾನಾದಲ್ಲಿ, ಜೈನ ಕುಟುಂಬವೊಂದರಲ್ಲಿ. ಅವರ ಶಿಕ್ಷಣ ರೂರ್ಕಿಯ ಥಾಮಸನ್ ಸಿವಿಲ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಡೆಯಿತು. 1847ರಲ್ಲಿ ಆರಂಭವಾದ ಈ ಸಂಸ್ಥೆಯ ಹಿಂದೆ ಗಂಗಾ ಕಾಲುವೆಯಂತಹ ಬೃಹತ್ ಕಾಮಗಾರಿಗಳಿಗೆ ಬೇಕಾದ ತಂತ್ರಜ್ಞರನ್ನು ಸಿದ್ಧಪಡಿಸುವ ಉದ್ದೇಶವಿತ್ತು. ಭೂಮಾಪನ, ನಕ್ಷೆರಚನೆ, ಅಂದಾಜುಪಟ್ಟಿಯ ತಯಾರಿಕೆ ಇಲ್ಲಿನ ಕಲಿಕೆಯ ಮುಖ್ಯ ಅಂಗಗಳಾಗಿದ್ದವು. 1866ರಲ್ಲಿ ವ್ಯಾಸಂಗ ಮುಗಿಸಿದ ದೀನ್ ದಯಾಳರು ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ಅಂದಾಜುಗಾರ ಹಾಗೂ ನಕ್ಷೆಗಾರರಾಗಿ ಸೇರಿದರು. ಅವರ ಮುಂದಿನ ಕಲೆಯ ಬೇರು ಇಲ್ಲಿದೆಯೆಂಬುದನ್ನು ಗಮನಿಸಬೇಕು. ಚಿತ್ರಕಾರರ ಮನೆತನದಲ್ಲಾಗಲಿ ಕಲಾಶಾಲೆಯಲ್ಲಾಗಲಿ ಅವರು ಕಣ್ಣನ್ನು ಪಳಗಿಸಿಕೊಳ್ಳಲಿಲ್ಲ. ಕಟ್ಟಡವೊಂದನ್ನು ಅಳತೆಗೆ ಇಳಿಸಿ, ಅದರ ಭಾಗಗಳ ಪ್ರಮಾಣವನ್ನು ಕಾಗದದ ಮೇಲೆ ನಿಲ್ಲಿಸುವ ಕೆಲಸವೇ ಅವರ ಗುರುಕುಲವಾಯಿತು.

ಅವರು ಛಾಯಾಗ್ರಹಣವನ್ನು ಕೈಗೆತ್ತಿಕೊಂಡದ್ದು 1874ರ ಸುಮಾರಿಗೆ. ಆ ಕಾಲದಲ್ಲಿ ಬಳಕೆಯಲ್ಲಿದ್ದ ಒದ್ದೆಫಲಕದ ವಿಧಾನ ಬಹಳ ಶ್ರಮದ್ದು. ಗಾಜಿನ ಮೇಲೆ ಕೊಲೋಡಿಯನ್ ದ್ರವವನ್ನು ಸಮನಾಗಿ ಹರಡಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಅದು ಆರುವ ಮೊದಲೇ ಚಿತ್ರ ತೆಗೆದು ಕತ್ತಲೆಯಲ್ಲಿ ಸಂಸ್ಕರಿಸಬೇಕಿತ್ತು. ಮಾಳವದ ಬೇಸಿಗೆಯಲ್ಲಿ ಫಲಕ ಬೇಗ ಆರುತ್ತಿತ್ತು. ಹೊರಗೆ ಚಿತ್ರ ತೆಗೆಯಬೇಕಾದರೆ ಕತ್ತಲೆಯ ಡೇರೆ, ರಾಸಾಯನಿಕಗಳ ಸೀಸೆಗಳು, ಗಾಜಿನ ಪೆಟ್ಟಿಗೆಗಳು, ಶುದ್ಧ ನೀರು, ಇವೆಲ್ಲವನ್ನೂ ಹೊರುವ ಆಳುಗಳು ಜೊತೆಗಿರಬೇಕಿತ್ತು. ಹೀಗಾಗಿ ಆ ಕಾಲದ ಛಾಯಾಗ್ರಹಣವು ಹಣ, ವಾಹನ, ಪರವಾನಗಿಗಳನ್ನು ಬೇಡುವ ಕಲೆಯಾಗಿತ್ತು. ಆಶ್ರಯವಿಲ್ಲದೆ ಅದು ಬೆಳೆಯುವುದು ಕಷ್ಟವಿತ್ತು. ದೀನ್ ದಯಾಳರ ಆಶ್ರಯಸಂಬಂಧಗಳನ್ನು ವಿವೇಚಿಸುವಾಗ ಈ ವಾಸ್ತವವನ್ನು ಮರೆಯಲಾಗದು.

ಇಂದೋರಿನ ಅರಸ ಎರಡನೆಯ ತುಕೋಜಿರಾವ್ ಹೋಳ್ಕರ್ ಹಾಗೂ ಮಧ್ಯ ಭಾರತದ ಏಜೆಂಟರಾಗಿದ್ದ ಸರ್ ಹೆನ್ರಿ ಡೇಲಿ ಅವರಿಂದ ದೊರೆತ ಪ್ರೋತ್ಸಾಹ ಅವರನ್ನು ಮುಂದಕ್ಕೆ ಒಯ್ದಿತು. 1875–76ರಲ್ಲಿ ವೇಲ್ಸ್ ರಾಜಕುಮಾರ ಭಾರತಕ್ಕೆ ಬಂದಾಗ ಚಿತ್ರ ತೆಗೆಯುವ ಅವಕಾಶವೂ ಅವರಿಗೆ ಒದಗಿತು. ಡೇಲಿ ಅವರ ನಂತರ ಬಂದ ಸರ್ ಲೆಪೆಲ್ ಗ್ರಿಫಿನ್ 1882ರಲ್ಲಿ ಬುಂದೇಲಖಂಡದ ಪ್ರವಾಸಕ್ಕೆ ಹೊರಟಾಗ ದೀನ್ ದಯಾಳರನ್ನು ಜೊತೆಗೆ ಕರೆದೊಯ್ದರು. ಈ ಅವಧಿಯಲ್ಲಿ ತೆಗೆದ ಸ್ಮಾರಕಗಳ ಚಿತ್ರಗಳು 1886ರಲ್ಲಿ ‘ಫೇಮಸ್ ಮಾನ್ಯುಮೆಂಟ್ಸ್ ಆಫ್ ಸೆಂಟ್ರಲ್ ಇಂಡಿಯಾ’ ಎಂಬ ಗ್ರಂಥವಾಗಿ ಹೊರಬಂದವು. ಗ್ವಾಲಿಯರಿನ ಕೋಟೆ, ದತಿಯಾ ಮತ್ತು ಓರ್ಛಾದ ಅರಮನೆಗಳಂತಹ ಕಟ್ಟಡಗಳನ್ನು ಚಿತ್ರಿಸುವಾಗ ನಕ್ಷೆಗಾರನ ಶಿಸ್ತು ಎದ್ದು ಕಾಣುತ್ತದೆ. ಲಂಬರೇಖೆಗಳು ವಾಲುವುದಿಲ್ಲ. ಗೋಡೆಯ ಎರಡು ಮುಖಗಳು ಕಾಣುವಂತೆ ಕ್ಯಾಮರಾ ನಿಲ್ಲುತ್ತದೆ. ಕಲ್ಲಿನ ಉಬ್ಬುತಗ್ಗುಗಳು ನೆರಳಿನಿಂದ ಸ್ಪಷ್ಟವಾಗುತ್ತವೆ.

ಈ ಗ್ರಂಥದ ರಚನೆಯಲ್ಲಿಯೇ ಒಂದು ಅಧಿಕಾರಸಂಬಂಧ ಅಡಗಿದೆ. ಬರಹ ಗ್ರಿಫಿನ್ ಅವರದು, ಚಿತ್ರ ದೀನ್ ದಯಾಳರದು. ಸ್ಮಾರಕದ ಅರ್ಥವನ್ನು ಹೇಳುವ ಹಕ್ಕು ಆಳುವವನ ಕೈಯಲ್ಲಿತ್ತು, ಅದನ್ನು ಕಾಣಿಸುವ ಹೊಣೆ ಸ್ಥಳೀಯನ ಮೇಲಿತ್ತು. ಹಾಳುಬಿದ್ದ ಭವ್ಯತೆಯನ್ನು ತೋರಿಸಿ, ಅದರ ರಕ್ಷಕನ ಸ್ಥಾನದಲ್ಲಿ ತನ್ನನ್ನು ನಿಲ್ಲಿಸಿಕೊಳ್ಳುವುದು ವಸಾಹತುಶಾಹಿ ಸಂಕಥನದ ಪರಿಚಿತ ಕ್ರಮ. ಆದರೂ ಚಿತ್ರಗಳು ಬರಹದ ಅಂಕೆಗೆ ಪೂರ್ತಿಯಾಗಿ ಒಳಪಡಲಿಲ್ಲ. ಬರಹದ ವ್ಯಾಖ್ಯಾನ ಹಳತಾದ ಮೇಲೂ ಕಟ್ಟಡಗಳ ಅಂದಿನ ಸ್ಥಿತಿಯನ್ನು ಅರಿಯಲು ಈ ಚಿತ್ರಗಳು ನೆರವಾಗುತ್ತಲೇ ಇವೆ.

1880ರ ದಶಕದ ನಡುವಿನಲ್ಲಿ ದೀನ್ ದಯಾಳರು ಸರ್ಕಾರಿ ಸೇವೆಯಿಂದ ಹೊರಬಂದು ಛಾಯಾಗ್ರಹಣವನ್ನೇ ವೃತ್ತಿಯಾಗಿಸಿಕೊಂಡರು. ವೈಸರಾಯ್ ಡಫರಿನ್ ಅವರ ಛಾಯಾಗ್ರಾಹಕರೆಂಬ ಮನ್ನಣೆ ದೊರೆಯಿತು. 1886ರಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅವರ ಆಸ್ಥಾನ ಛಾಯಾಗ್ರಾಹಕರಾದರು. ಇಲ್ಲಿನ ಕಾಲಸಂದರ್ಭ ಮುಖ್ಯವಾದುದು. ಶಿಶುವಾಗಿದ್ದಾಗಲೇ, 1869ರಲ್ಲಿ, ಪಟ್ಟಕ್ಕೆ ಬಂದಿದ್ದ ನಿಜಾಮರಿಗೆ ಆಡಳಿತದ ಪೂರ್ಣಾಧಿಕಾರ ದೊರೆತದ್ದು 1884ರಲ್ಲಿ. ದಿವಾನರ ಮತ್ತು ರೆಸಿಡೆಂಟರ ನೆರಳಿನಲ್ಲಿ ಬೆಳೆದ ತರುಣ ಅರಸನಿಗೆ ತಾನೇ ಅರಸನೆಂದು ಕಾಣಿಸಿಕೊಳ್ಳುವ ಅಗತ್ಯವಿತ್ತು. ದೀನ್ ದಯಾಳರ ಕ್ಯಾಮರಾ ಆ ಹೊತ್ತಿಗೆ ಹೈದರಾಬಾದಿಗೆ ಬಂದಿತು. ಸಿಕಂದರಾಬಾದು ಬ್ರಿಟಿಷ್ ದಂಡಿನ ನೆಲೆಯಾದ್ದರಿಂದ ಒಂದು ಕಡೆ ಸೈನ್ಯಾಧಿಕಾರಿಗಳು, ಇನ್ನೊಂದು ಕಡೆ ಹೈದರಾಬಾದಿನ ಅಮೀರರು ಅವರ ಗಿರಾಕಿಗಳಾದರು. ಎರಡು ಅಧಿಕಾರಕೇಂದ್ರಗಳ ನಡುವೆ ನಡೆದಾಡುವ ಜಾಣ್ಮೆಯನ್ನು ಅವರು ಕೊನೆಯವರೆಗೂ ಕಾಪಾಡಿಕೊಂಡರು. 1893ರ ಚಿಕಾಗೋ ವಿಶ್ವಪ್ರದರ್ಶನದಲ್ಲಿ ಪುರಸ್ಕಾರ ಬಂದಿತು. 1894ರಲ್ಲಿ ನಿಜಾಮರು ರಾಜಾ ಬಹಾದೂರ್ ಮುಸವ್ವಿರ್ ಜಂಗ್ ಎಂಬ ಬಿರುದು ನೀಡಿದರು. 1897ರಲ್ಲಿ ವಿಕ್ಟೋರಿಯಾ ರಾಣಿಯ ಛಾಯಾಗ್ರಾಹಕರೆಂಬ ಸನ್ನದು ಸಂದಿತು. ಚಿತ್ರಕಾರನೆಂಬ ಅರ್ಥದ ಮುಸವ್ವಿರ್ ಪದವು ಯುದ್ಧವೀರರ ಬಿರುದುಗಳಲ್ಲಿ ಬರುವ ಜಂಗ್ ಪದದೊಡನೆ ಸೇರಿದ್ದು, ಆಸ್ಥಾನದಲ್ಲಿ ಈ ಹೊಸ ಕಲೆಗೆ ದೊರೆತ ಸ್ಥಾನವನ್ನು ಸೂಚಿಸುತ್ತದೆ.

ಆಸ್ಥಾನದ ಚಿತ್ರಗಳನ್ನು ಓದುವ ಬಗೆ ಯಾವುದು? ನಮ್ಮ ಶಾಸನಾಧ್ಯಯನದ ಪರಂಪರೆ ಇಲ್ಲಿ ನೆರವಿಗೆ ಬರುತ್ತದೆ. ದಾನಶಾಸನವೊಂದರ ಪ್ರಶಸ್ತಿಭಾಗದಲ್ಲಿ ಅರಸನ ಶೌರ್ಯ, ವಂಶ, ಬಿರುದುಗಳ ವರ್ಣನೆ ಇರುತ್ತದೆ. ಸಂಶೋಧಕರು ಅದನ್ನು ಅಕ್ಷರಶಃ ನಂಬುವುದಿಲ್ಲ, ಹಾಗೆಂದು ಶಾಸನವನ್ನೇ ಕೈಬಿಡುವುದೂ ಇಲ್ಲ. ಮುಂದಿನ ಸಾಲುಗಳಲ್ಲಿ ಬರುವ ಭೂಮಿಯ ಮತ್ತರು, ಸುಂಕದ ಹೆಸರು, ಎಲ್ಲೆಯ ಹಳ್ಳ, ಸಾಕ್ಷಿಗಳ ಪಟ್ಟಿ ಇವುಗಳಿಂದ ಜನಜೀವನವನ್ನು ಕಟ್ಟಿಕೊಳ್ಳುತ್ತಾರೆ. ಪಂಪನು ವೇಮುಲವಾಡದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದನೆಂಬ ಕಾರಣಕ್ಕೆ ಅವನ ಕಾವ್ಯವನ್ನು ಯಾರೂ ಕೇವಲ ಸ್ತುತಿಪಾಠವೆಂದು ತಳ್ಳಿಹಾಕಿಲ್ಲ. ಆ ವೇಮುಲವಾಡವೂ ಮುಂದೆ ನಿಜಾಮರ ಸಂಸ್ಥಾನಕ್ಕೇ ಸೇರಿದ ಊರು. ಆಶ್ರಯದಾತನ ಇಚ್ಛೆ ಮತ್ತು ಕೃತಿಯ ಅರ್ಥ ಒಂದೇ ಆಗಿರಬೇಕಿಲ್ಲವೆಂಬುದು ಕನ್ನಡ ವಿಮರ್ಶೆಗೆ ಹೊಸ ವಿಚಾರವಲ್ಲ.

ದೀನ್ ದಯಾಳರ ಬೇಟೆಯ ಚಿತ್ರಗಳನ್ನು ಈ ದೃಷ್ಟಿಯಿಂದ ನೋಡಬಹುದು. 1902ರಲ್ಲಿ ವೈಸರಾಯ್ ಕರ್ಜನ್ ದಂಪತಿಗಳು ಹೈದರಾಬಾದ್ ಸಂಸ್ಥಾನದಲ್ಲಿ ಕೈಗೊಂಡ ಬೇಟೆಯ ಚಿತ್ರದಲ್ಲಿ ಸತ್ತ ಹುಲಿಯೂ ಅದರೊಡನೆ ನಿಂತ ಅಧಿಕಾರವೂ ಪ್ರಶಸ್ತಿಯ ಭಾಗಗಳೇ ಆಗಿವೆ. ಆದರೆ ಹುಲಿಯನ್ನು ಬಂದೂಕಿನ ಎದುರಿಗೆ ಅಟ್ಟಿ ತಂದವರು, ಆನೆಗಳನ್ನು ನಡೆಸಿದವರು, ಡೇರೆ ಹಾಕಿದವರು ಯಾರೆಂಬ ಪ್ರಶ್ನೆಯನ್ನು ಅದೇ ಚಿತ್ರ ಎತ್ತುತ್ತದೆ. ಇಂತಹ ಚಿತ್ರಸಂಪುಟಗಳ ಅಂಚುಗಳಲ್ಲಿ ಕಾಣುವ ಸೇವಕರು, ಮಾವುತರು, ಕಾವಲುಗಾರರು ಶಾಸನದ ಎಲ್ಲೆಕಲ್ಲುಗಳಂತೆ ನಿಂತಿದ್ದಾರೆ. ಅಮೀರ್ ಸರ್ ಆಸ್ಮಾನ್ ಜಾಹರ ಬಷೀರ್ ಬಾಗ್ ಅರಮನೆ ಇಂದು ಉಳಿದಿಲ್ಲ. ದೀನ್ ದಯಾಳರ ಚಿತ್ರಗಳಲ್ಲಿ ಅದರ ಭೋಜನಶಾಲೆ ಈಗಲೂ ಸಜ್ಜಾಗಿಯೇ ಇದೆ. ಯುರೋಪಿನ ಪೀಠೋಪಕರಣಗಳನ್ನು ದಖ್ಖನಿ ಅಮೀರರು ಹೇಗೆ ತಮ್ಮದಾಗಿಸಿಕೊಂಡರೆಂಬುದನ್ನು ತಿಳಿಯಲು ಬರಹದ ಆಕರಗಳಷ್ಟೇ ಈ ಫಲಕಗಳೂ ಮಹತ್ವದವು.

1892ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಜನಾನಾ ಸ್ಟುಡಿಯೋ ಅವರ ವೃತ್ತಿಜೀವನದ ವಿಶಿಷ್ಟ ಘಟ್ಟ. ಪರದಾ ಪದ್ಧತಿಯ ಮನೆತನಗಳ ಹೆಣ್ಣುಮಕ್ಕಳಿಗಾಗಿ ಎತ್ತರದ ಗೋಡೆಗಳ ಆವರಣದಲ್ಲಿ ಇದನ್ನು ರೂಪಿಸಲಾಗಿತ್ತು. ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆ ಇದರ ಉಸ್ತುವಾರಿ ವಹಿಸಿದ್ದರು. ಗಂಡಸರ ಕಣ್ಣಿಗೆ ಬೀಳದಂತೆ ಚಿತ್ರ ತೆಗೆಸಿಕೊಳ್ಳುವ ಅವಕಾಶ ಒಂದು ಬಗೆಯ ಬಿಡುಗಡೆಯೂ ಹೌದು, ಪರದೆಯ ನಿಯಮವನ್ನು ಹೊಸ ತಂತ್ರಜ್ಞಾನಕ್ಕೂ ವಿಸ್ತರಿಸಿದ ಕ್ರಮವೂ ಹೌದು. ಮನೆಯೊಳಗಿನ ಕಣ್ಣುಗಳಿಗಾಗಿ ಮೂಡಿದ ಇಂತಹ ಚಿತ್ರಗಳನ್ನು ಆಕರವೆಂದು ಕೈಗೆತ್ತಿಕೊಳ್ಳುವ ಸಂಶೋಧಕರಿಗೆ ನೋಡುವ ಹಕ್ಕಿನ ಪ್ರಶ್ನೆ ಎದುರಾಗದೆ ಇರದು. ಸ್ತ್ರೀವಾದಿ ಅಧ್ಯಯನಗಳು ಈ ಪ್ರಶ್ನೆಯನ್ನು ಸುಲಭವಾಗಿ ದಾಟುವಂತಿಲ್ಲ.

ವೈಭವದ ಈ ಲೋಕಕ್ಕೆ ತೀರ ವಿರುದ್ಧವಾದುದು ಬರಗಾಲದ ಚಿತ್ರಗಳು. 1899–1900ರ ಕ್ಷಾಮ ನಿಜಾಮರ ಸಂಸ್ಥಾನದ ಮರಾಠವಾಡ ಭಾಗವನ್ನೂ ಬಾಧಿಸಿತು. ಔರಂಗಾಬಾದ್ ಪ್ರದೇಶದ ಪರಿಹಾರ ಕಾಮಗಾರಿಗಳನ್ನು ದೀನ್ ದಯಾಳರ ಸ್ಟುಡಿಯೋ ದಾಖಲಿಸಿತು. ಸರ್ಕಾರದ ಔದಾರ್ಯವನ್ನು ಸಾಬೀತುಪಡಿಸುವುದು ಇಂತಹ ದಾಖಲೆಯ ಅಧಿಕೃತ ಉದ್ದೇಶ. ಆದರೆ ಪರಿಹಾರವನ್ನು ತೋರಿಸಬೇಕಾದರೆ ಹಸಿವನ್ನೂ ತೋರಿಸಲೇಬೇಕು. ದರ್ಬಾರಿನ ಗುಂಪುಚಿತ್ರಗಳಿಗೆ ಬಳಸಿದ ಶಿಸ್ತನ್ನೇ ಇಲ್ಲಿಯೂ ಬಳಸಿದಾಗ ಬಡವರ ಮೈಯ ವಿವರಗಳೂ ಅಷ್ಟೇ ಸ್ಪಷ್ಟವಾಗಿ ಫಲಕಕ್ಕೆ ಇಳಿದವು. ಛಾಯಾಗ್ರಾಹಕರ ಮನಸ್ಸಿನಲ್ಲಿ ಕರುಣೆಯಿತ್ತೇ ಎಂಬುದಕ್ಕಿಂತ, ಪ್ರಶಸ್ತಿಗಾಗಿ ತೆಗೆದ ಚಿತ್ರವೇ ಪ್ರಭುತ್ವದ ವಿರುದ್ಧ ಸಾಕ್ಷಿಯಾಗಬಲ್ಲದು ಎಂಬುದು ಇಲ್ಲಿ ಮುಖ್ಯ. ಅವರನ್ನು ಬರಿಯ ಆಸ್ಥಾನಸೇವಕರೆಂದು ಕರೆಯುವ ನಿಲುವು ಈ ಚಿತ್ರಗಳ ಎದುರು ಸಡಿಲವಾಗುತ್ತದೆ.

ಕರ್ತೃತ್ವದ ಪ್ರಶ್ನೆಯನ್ನೂ ಇಲ್ಲಿ ಎತ್ತಬೇಕು. 1896ರಲ್ಲಿ ಮುಂಬಯಿಯಲ್ಲಿಯೂ ಸ್ಟುಡಿಯೋ ಆರಂಭವಾದ ಮೇಲೆ ದೀನ್ ದಯಾಳರ ಹೆಸರು ವ್ಯಕ್ತಿಯ ಹೆಸರಾಗಿದ್ದಂತೆಯೇ ಸಂಸ್ಥೆಯ ಹೆಸರೂ ಆಗಿತ್ತು. ಮಕ್ಕಳಾದ ಜ್ಞಾನಚಂದ್ ಮತ್ತು ಧರ್ಮಚಂದ್, ಜೊತೆಗೆ ಅನೇಕ ಸಹಾಯಕರು ಈ ಉದ್ಯಮದಲ್ಲಿ ದುಡಿಯುತ್ತಿದ್ದರು. ಚಿತ್ರ ತೆಗೆಯುವವರು, ಫಲಕ ಸಂಸ್ಕರಿಸುವವರು, ಮುದ್ರಿಸುವವರು, ತಿದ್ದುವವರು ಎಂದು ಕೆಲಸ ಹಂಚಿಹೋಗಿತ್ತು. ಫಲಕದ ಮೇಲೆ ಬರುತ್ತಿದ್ದುದು ಮಾತ್ರ ದೀನ್ ದಯಾಳರ ಹೆಸರು ಮತ್ತು ಕ್ರಮಸಂಖ್ಯೆ. ಹೊಯ್ಸಳ ದೇಗುಲಗಳ ಶಿಲ್ಪಗಳಲ್ಲಿ ಮಲ್ಲಿತಮ್ಮ, ದಾಸೋಜರಂತಹ ರೂವಾರಿಗಳ ಹೆಸರುಗಳು ಸಿಗುತ್ತವೆ. ಆ ಹೆಸರುಗಳ ಹಿಂದೆ ಕಲ್ಲು ಸೀಳಿದ, ಹೊತ್ತ, ಉಜ್ಜಿದ ಎಷ್ಟೋ ಕೈಗಳಿದ್ದವೆಂಬುದನ್ನು ನಾವು ಬಲ್ಲೆವು. ದೀನ್ ದಯಾಳರ ಕಲಾಪ್ರತಿಭೆಯನ್ನು ಒಪ್ಪುವಾಗಲೂ ಆ ಪ್ರತಿಭೆ ಒಂದು ಕಾರ್ಯಶಾಲೆಯ ಶ್ರಮದಲ್ಲಿ ಹರಡಿಕೊಂಡಿತ್ತೆಂಬುದನ್ನು ಸೇರಿಸಿಯೇ ಹೇಳಬೇಕಾಗುತ್ತದೆ. ಒಂಟಿ ಕಲಾವಿದನ ಕಲ್ಪನೆಗೆ ಅವರ ಬದುಕು ಹೊಂದುವುದಿಲ್ಲ.

1903ರ ದೆಹಲಿ ದರ್ಬಾರು ಅವರ ಸ್ಟುಡಿಯೋ ದಾಖಲಿಸಿದ ಕೊನೆಯ ದೊಡ್ಡ ಸಮಾರಂಭಗಳಲ್ಲಿ ಒಂದು. ಮರುವರ್ಷ ಮಗ ಧರ್ಮಚಂದ್ ತೀರಿಕೊಂಡರು. 1905ರ ಜುಲೈಯಲ್ಲಿ ದೀನ್ ದಯಾಳರು ನಿಧನರಾದರು. ಆ ಹೊತ್ತಿಗೆ ಕೈಯಲ್ಲಿ ಹಿಡಿಯಬಹುದಾದ ಅಗ್ಗದ ಕ್ಯಾಮರಾಗಳು ಬಳಕೆಗೆ ಬಂದು ದೊಡ್ಡ ಸ್ಟುಡಿಯೋಗಳ ಕಾಲ ಹಿಂದೆ ಸರಿಯತೊಡಗಿತ್ತು. 1911ರಲ್ಲಿ ಮಹಬೂಬ್ ಅಲಿ ಖಾನರೂ ಕಾಲವಾದರು. ಕುಟುಂಬದ ಬಳಿ ಉಳಿದಿದ್ದ ಸಂಗ್ರಹದಿಂದ 2857 ಗಾಜಿನ ನೆಗೆಟಿವುಗಳು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾಕೇಂದ್ರವನ್ನು ಸೇರಿದವು. 2006ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿಯನ್ನು ಹೊರತಂದಿತು.

ದೀನ್ ದಯಾಳರನ್ನು ಕಲಾವಿದರೆಂದು ಕರೆಯಬೇಕೆ, ಸೇವಕರೆಂದು ಕರೆಯಬೇಕೆ ಎಂಬ ಪ್ರಶ್ನೆಗೆ ಅವರ ಕೃತಿಗಳಲ್ಲಿಯೇ ಉತ್ತರವಿದೆ. ಅವರು ಒಡೆಯರು ಬಯಸಿದ್ದನ್ನು ಚಿತ್ರಿಸಿದರು. ಆದರೆ ರೂರ್ಕಿಯಲ್ಲಿ ಕಲಿತ ಅಳತೆಯ ಪ್ರಾಮಾಣಿಕತೆಯಿಂದಾಗಿ ಒಡೆಯರು ಬಯಸದಿದ್ದುದೂ ಚೌಕಟ್ಟಿನೊಳಗೆ ಉಳಿದುಕೊಂಡಿತು. ಕಲ್ಯಾಣ ಕರ್ನಾಟಕದ ಆಧುನಿಕ ಚರಿತ್ರೆಯನ್ನು ಬರೆಯುವವರು ದಫ್ತರಗಳ, ಪತ್ರಗಳ, ಆತ್ಮಕಥನಗಳ ಜೊತೆಗೆ ಈ ಫಲಕಗಳನ್ನೂ ಆಕರವಾಗಿ ಓದಬೇಕಾಗಿದೆ. ಹಾಗೆ ಓದುವಾಗ ನಡುವಿನ ಸಿಂಹಾಸನವನ್ನು ನೋಡಿ ಮುಗಿಸದೆ, ಶಾಸನದ ಕೊನೆಯ ಸಾಲುಗಳನ್ನು ಓದುವ ತಾಳ್ಮೆಯಿಂದ ಚಿತ್ರದ ಅಂಚಿನಲ್ಲಿ ಛತ್ರಿ ಹಿಡಿದು ನಿಂತವನವರೆಗೂ ಕಣ್ಣು ಹಾಯಿಸುವುದು ಅಗತ್ಯ.