ಸೂಜಿದಾರದ ದೇಶಪಟ: ನಾಮ್‌ಗುಂಗ್ ಒಕ್ ಉಪಾಧ್ಯಾಯರ ಚರಿತ್ರೆ

ಹೆಣ್ಣುಮಕ್ಕಳಿಗೆ ಕಸೂತಿ ಕಲಿಸುವದು ಹೊತ್ತುಗಳೆಯುವದಕ್ಕೆ ಮಾತ್ರವೆಂದು ಎಣಿಸುವವರುಂಟು. ಕೊರಿಯ ದೇಶದ ನಾಮ್‌ಗುಂಗ್ ಒಕ್ ಎಂಬ ಉಪಾಧ್ಯಾಯರ ಚರಿತ್ರೆಯನ್ನು ಕೇಳಿದವರು ಹಾಗೆ ಎಣಿಸಲಾರರು.

ಇವರು 1863ರಲ್ಲಿ ಸಿಯೋಲ್ ಪಟ್ಟಣದಲ್ಲಿ ಹುಟ್ಟಿದರು. ಇಂಗ್ಲಿಷ್ ಕಲಿತು ಅರಸನಿಗೆ ದುಭಾಷಿಯಾಗಿ ಸೇವೆಮಾಡಿ, 1898ರಲ್ಲಿ ಒಂದು ವರ್ತಮಾನಪತ್ರಿಕೆಯನ್ನು ಸ್ಥಾಪಿಸಿದರು. 1910ರಲ್ಲಿ ಜಪಾನಿನವರು ಕೊರಿಯವನ್ನು ತಮ್ಮ ರಾಜ್ಯಕ್ಕೆ ಸೇರಿಸಿಕೊಂಡರು. ಅಂದಿನಿಂದ ಸ್ವದೇಶವನ್ನು ಕುರಿತು ಬಾಯಿ ತೆರೆಯುವದೇ ಅಪಾಯವಾಯಿತು. ಅದೇ ವರುಷ ಇವರು ಸಿಯೋಲಿನ ಪೇಹ್ವಾ ಬಾಲಿಕಾ ಶಾಲೆಯಲ್ಲಿ ಉಪಾಧ್ಯಾಯರಾದರು. ಅಮೇರಿಕದ ಮೆಥೊಡಿಸ್ಟ್ ಮಿಶನಿನ ಜೋಸೆಫೀನ್ ಕ್ಯಾಂಪ್‌ಬೆಲ್ ಅಮ್ಮನವರೆಂಬ ವಿಧವೆಯು 1898ರಲ್ಲಿ ಈ ಶಾಲೆಯನ್ನು ಆರಂಭಿಸಿದ್ದರು.

ಬಾಯಿ ಕಟ್ಟಿದರೂ ಹುಡುಗಿಯರ ಕೈಯಲ್ಲಿ ಸೂಜಿಯಿತ್ತು. ಮುಗುಂಗ್‌ಹ್ವಾ ಎಂಬ ಹೂವು ನಮ್ಮ ದಾಸವಾಳದ ಜಾತಿಯದು. ಕೊರಿಯದವರಿಗೆ ಅದು ಸ್ವದೇಶದ ಗುರುತು. ಉಪಾಧ್ಯಾಯರು ಈ ಹೂವುಗಳಿಂದಲೇ ಕೊರಿಯದ ಪಟವನ್ನು ರಚಿಸಿ, ಆಗಿದ್ದ 13 ಪ್ರಾಂತಗಳಿಗೆ ಒಂದೊಂದು ಹೂವನ್ನಿಟ್ಟು, ಅದನ್ನು ಬಟ್ಟೆಯ ಮೇಲೆ ಕಸೂತಿ ಹಾಕುವದಕ್ಕೆ ಹುಡುಗಿಯರಿಗೆ ಕಲಿಸಿದರು. ಅರಿಯದವರಿಗೆ ಅದು ಹೂಗೊಂಚಲು, ಅರಿತವರಿಗೆ ತಾಯ್ನಾಡು. ಒಂದೊಂದು ಹೊಲಿಗೆಯೊಡನೆ ದೇಶದ ರೂಪವು ಆ ಮಕ್ಕಳ ಮನಸ್ಸಿನಲ್ಲಿ ಊರಿತು.

1918ರಲ್ಲಿ ದೇಹಸ್ಥಿತಿ ಕೆಟ್ಟದ್ದರಿಂದ ಅವರು ಶಾಲೆಯನ್ನು ಬಿಟ್ಟು ಹೊಂಗ್‌ಛನ್ ಸೀಮೆಯ ಮೊಗೊಕ್ ಎಂಬ ಹಳ್ಳಿಗೆ ಹೋದರು. ಅಲ್ಲಿಯೂ ಸುಮ್ಮನಿರದೆ ದೇವಾಲಯವನ್ನೂ ಶಾಲೆಯನ್ನೂ ಕಟ್ಟಿಸಿ, ಅದೇ ಹೂವಿನ ಸಸಿಗಳನ್ನು ಬೆಳೆಸಿ ಹಂಚಿದರು. 1933ರಲ್ಲಿ ಅಧಿಕಾರಿಗಳು ಸಸಿಗಳನ್ನು ಕಿತ್ತು ಸುಟ್ಟು, ಎಪ್ಪತ್ತರ ಆ ವೃದ್ಧರನ್ನು ಸೆರೆಗೆ ಹಾಕಿದರು. 1935ರಲ್ಲಿ ರೋಗಪೀಡಿತರಾಗಿ ಬಿಡುಗಡೆ ಹೊಂದಿ, 1939ನೇ ಏಪ್ರಿಲ್ 5ರಂದು ತೀರಿಕೊಂಡರು. ತನಗೆ ಸಮಾಧಿಯ ದಿಬ್ಬ ಬೇಡ, ದೇಹವು ಮರಕ್ಕೆ ಗೊಬ್ಬರವಾಗಲಿ ಎಂಬದೇ ಅವರ ಕಡೇ ಅಪೇಕ್ಷೆಯಾಗಿತ್ತು.

1945ರ ಬಿಡುಗಡೆಯನ್ನು ಅವರು ಕಾಣಲಿಲ್ಲ. ಆದರೂ ಅಂಥ ಕಸೂತಿ ಬಟ್ಟೆಗಳನ್ನು ಕೊರಿಯದಲ್ಲಿ ಇಂದಿಗೂ ಜೋಪಾನವಾಗಿ ಇಟ್ಟಿದ್ದಾರೆ. ದೇವರು ಕೊಟ್ಟ ದೇಶದಲ್ಲಿ ದುಡಿಯಲು ಕರೆಯುವ ಅವರ ಕೀರ್ತನೆಯನ್ನು ಅಲ್ಲಿಯ ಸಭೆಗಳು ಈಗಲೂ ಹಾಡುತ್ತವೆ. ಯೊಪ್ಪದ ದೊರ್ಕಳು ತೀರಿಕೊಂಡಾಗ ಆಕೆ ಹೊಲಿದ ಅಂಗಿಗಳೇ ಆಕೆಯ ಪರವಾಗಿ ಮಾತಾಡಿದವಷ್ಟೆ. ತಾಯಂದಿರೇ, ನಿಮ್ಮ ಮಗಳು ಸೂಜಿ ಹಿಡಿದು ಕೂತಾಗ ಅದನ್ನು ಅಲ್ಪವೆಂದು ಎಣಿಸಬೇಡಿರಿ.