ಹೈದರ್ ಅಲಿ ಮತ್ತು ಸಮುದ್ರ

ಲಾಲ್‌ಬಾಗ್ ತೋಟವನ್ನು 1760ರಲ್ಲಿ ಆರಂಭಿಸಿದವರು ಹೈದರ್ ಅಲಿ ಎಂದು ನಮಗೆಲ್ಲ ಗೊತ್ತು. ಅವರು ಯುದ್ಧದ ಹಡಗುಗಳನ್ನೂ ಕಟ್ಟಿಸಿದ್ದರು ಎಂಬುದನ್ನು ಮಾತ್ರ ಪರೀಕ್ಷೆಗೆ ಓದುವಾಗ ನಾವು ಅಷ್ಟಾಗಿ ಗಮನಿಸುವುದಿಲ್ಲ.

ಅವರು ಹುಟ್ಟಿದ್ದು 1720ರ ಸುಮಾರಿಗೆ, ಕೋಲಾರದ ಬೂದಿಕೋಟೆಯಲ್ಲಿ. ತಂದೆ ಫತೇಹ್ ಮುಹಮ್ಮದ್ ಯುದ್ಧದಲ್ಲಿ ಮಡಿದಾಗ ಇನ್ನೂ ಚಿಕ್ಕ ಹುಡುಗ. ಓದು ಬರಹ ಕಲಿಯಲಿಲ್ಲ. ಮೈಸೂರಿನ ಸೈನ್ಯಕ್ಕೆ ಸೇರಿ, 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೆಸರು ಮಾಡಿ, 1761ರ ಹೊತ್ತಿಗೆ ರಾಜ್ಯದ ಅಧಿಕಾರವನ್ನೆಲ್ಲ ತಮ್ಮ ಕೈಗೆ ತೆಗೆದುಕೊಂಡರು.

1763ರಲ್ಲಿ ಕೆಳದಿಯ ರಾಣಿ ವೀರಮ್ಮಾಜಿಯಿಂದ ಬಿದನೂರನ್ನು ಕಿತ್ತುಕೊಂಡರು. ರಾಣಿಯ ಪಾಲಿಗೆ ಅದು ಅನ್ಯಾಯವೇ. ಆದರೆ ಆ ಗೆಲುವಿನಿಂದ ಒಳನಾಡಿನ ಮೈಸೂರಿಗೆ ಮಂಗಳೂರು, ಹೊನ್ನಾವರದಂಥ ಬಂದರುಗಳು ಸಿಕ್ಕವು. ಹಡಗು ಕಟ್ಟುವ ಕೆಲಸ ಶುರುವಾಯಿತು. ನೌಕಾಪಡೆಯ ಮೇಲೆ ಕುದುರೆ ಸೈನ್ಯದ ಅಧಿಕಾರಿಯೊಬ್ಬನನ್ನು ನೇಮಿಸಿದ್ದು ದೊಡ್ಡ ತಪ್ಪು. 1768ರಲ್ಲಿ ಬೊಂಬಾಯಿಯಿಂದ ಇಂಗ್ಲಿಷರ ಹಡಗುಗಳು ಬಂದಾಗ ಅಸಮಾಧಾನಗೊಂಡಿದ್ದ ಕಪ್ತಾನರು ಎದುರಾಳಿಯ ಕಡೆ ಸೇರಿದರು. ಮಂಗಳೂರು ಕೈಬಿಟ್ಟಿತು. ಕೆಲವೇ ತಿಂಗಳಲ್ಲಿ ಅದನ್ನು ಮರಳಿ ಗೆದ್ದರೂ ಕಳೆದ ಹಡಗುಗಳು ಕಳೆದವೇ.

1779ರಲ್ಲಿ ಇಂಗ್ಲಿಷರು ಫ್ರೆಂಚರ ಮಾಹೆ ಬಂದರನ್ನು ವಶಪಡಿಸಿಕೊಂಡರು. ಮೈಸೂರಿಗೆ ಮದ್ದುಗುಂಡು ಬರುತ್ತಿದ್ದ ದಾರಿ ಅದು. ಮರುವರ್ಷ ಹೈದರ್ ಅಲಿ ದೊಡ್ಡ ಸೈನ್ಯದೊಂದಿಗೆ ಕರ್ನಾಟಿಕ್ ಪ್ರಾಂತ್ಯಕ್ಕೆ ಇಳಿದರು. ಅಲ್ಲಿನ ಹಳ್ಳಿಗಳು ಸುಟ್ಟುಹೋದದ್ದನ್ನೂ ಮರೆಯಬಾರದು. ಸೆಪ್ಟೆಂಬರ್‌ನಲ್ಲಿ ಪೊಳ್ಳಿಲೂರಿನಲ್ಲಿ ಬೇಯ್ಲಿಯ ಪಡೆ ಸಂಪೂರ್ಣ ಸೋತಿತು. ಆದರೆ ಡಿಸೆಂಬರ್‌ನಲ್ಲಿ ಅಡ್ಮಿರಲ್ ಹ್ಯೂಸ್ ಮಂಗಳೂರಿಗೆ ಬಂದು ಮೈಸೂರಿನ ಹಡಗುಗಳನ್ನು ನಾಶಮಾಡಿದ.

ನನಗೆ ಈ ಕಥೆಯ ತಿರುವು ಕಾಣುವುದು 1781ರ ಫೆಬ್ರವರಿಯಲ್ಲಿ. ಇಂಗ್ಲಿಷ್ ಸೇನಾಪತಿ ಕೂಟ್ ಕಡಲೂರಿನಲ್ಲಿ ಸಿಕ್ಕಿಬಿದ್ದಿದ್ದ. ಭೂಮಿಯ ದಾರಿಗಳನ್ನು ಹೈದರ್ ಅಲಿ ಮುಚ್ಚಿದ್ದರು. ಅಕ್ಕಿ ಬರಬೇಕಾದದ್ದು ಮದ್ರಾಸಿನಿಂದ, ಸಮುದ್ರದ ಮೇಲೆ. ಅದೇ ಹೊತ್ತಿಗೆ ಫ್ರೆಂಚ್ ಅಡ್ಮಿರಲ್ ದೋರ್ವ್ ತನ್ನ ಹಡಗುಗಳೊಂದಿಗೆ ಕರಾವಳಿಯಲ್ಲೇ ಇದ್ದ. ಇನ್ನು ಕೆಲವು ದಿನ ನಿಂತಿದ್ದರೆ ಸಾಕಿತ್ತು. ಎಷ್ಟು ಕೇಳಿಕೊಂಡರೂ ನಿಲ್ಲದೆ ಮಾರಿಷಸ್ ಕಡೆಗೆ ಹೊರಟುಹೋದ. ಅಕ್ಕಿ ಬಂತು, ಕೂಟ್ ಉಳಿದ. ಜುಲೈನಲ್ಲಿ ಪೋರ್ಟೊ ನೋವೊದಲ್ಲಿ ಅದೇ ಕೂಟ್ ಹೈದರ್ ಅಲಿಯವರನ್ನು ಸೋಲಿಸಿದ.

1782ರಲ್ಲಿ ಬಂದ ಸಫ್ರೆನ್ ಬೇರೆಯೇ ಧೈರ್ಯದ ಮನುಷ್ಯ. ಹ್ಯೂಸ್ ಜತೆ ಮತ್ತೆ ಮತ್ತೆ ಕಾದಾಡಿದ, ಟ್ರಿಂಕೋಮಲಿ ಹಿಡಿದ. ಅವನನ್ನು ಕಾಣಲು ಹೈದರ್ ಅಲಿ ಕಡಲೂರಿನವರೆಗೆ ಬಂದರು. ಆಗಲೇ ತಡವಾಗಿತ್ತು. ಆ ವರ್ಷದ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಶಿಬಿರದಲ್ಲಿ ಅವರು ತೀರಿಕೊಂಡರು.

ತಿಂಗಳೊಂದು ಕಳೆಯುವುದರೊಳಗೆ ಬೊಂಬಾಯಿಯ ಹಡಗುಗಳು ಪಶ್ಚಿಮ ಕರಾವಳಿಯಲ್ಲಿ ಮತ್ತೆ ಸೈನ್ಯ ಇಳಿಸಿದವು. ಬಿದನೂರು, ಮಂಗಳೂರು ಎರಡೂ ಹೋದವು. ಅವನ್ನು ಹಿಂದಕ್ಕೆ ಪಡೆಯಲು ಟಿಪ್ಪು ಸುಲ್ತಾನ್ ಪೂರ್ವದ ಯುದ್ಧವನ್ನು ಬಿಟ್ಟು ಘಟ್ಟದ ಕಡೆಗೆ ತಿರುಗಬೇಕಾಯಿತು.