ಫುಟ್‌ಬಾಲ್ ಕಪ್‌ಗೆ ಹೆಸರಾದ ಇವಾ ಡುವಾರ್ಟೆ

ಸ್ಪೇನ್‌ನ ಸೂಪರ್ ಕಪ್ ಈಗ ಹೆಚ್ಚಾಗಿ ಸೌದಿ ಅರೇಬಿಯಾದಲ್ಲಿ ನಡೆಯುವುದರಿಂದ ನಮ್ಮ ಕಾಲೇಜಿನಲ್ಲೂ ಅದರ ಮಾತು ಬರುತ್ತದೆ. ಹಿಂದೆ, 1947ರಿಂದ 1953ರವರೆಗೆ, ಅಲ್ಲಿನ ಲೀಗ್ ಗೆದ್ದ ತಂಡಕ್ಕೂ ರಾಷ್ಟ್ರೀಯ ಕಪ್ ಗೆದ್ದ ತಂಡಕ್ಕೂ ನಡೆಯುತ್ತಿದ್ದ ಇಂಥದೇ ಪಂದ್ಯದ ಹೆಸರು ಕೋಪಾ ಇವಾ ಡುವಾರ್ಟೆ. ಇವಾ ಆಟಗಾರ್ತಿಯಲ್ಲ, ಸ್ಪೇನ್‌ನವರೂ ಅಲ್ಲ.

ಅವರು ಹುಟ್ಟಿದ್ದು 1919ರ ಮೇ 7ರಂದು, ಅರ್ಜೆಂಟೀನಾದ ಲೋಸ್ ಟೋಲ್ಡೋಸ್ ಎಂಬ ಸಣ್ಣ ಊರಿನಲ್ಲಿ. ತಂದೆ ಹುವಾನ್ ಡುವಾರ್ಟೆಗೆ ಬೇರೆ ಊರಿನಲ್ಲಿ ಮದುವೆಯಾದ ಹೆಂಡತಿ, ಮಕ್ಕಳಿದ್ದರು. ಇವಾ ಅವರ ತಾಯಿಗೆ ಆ ಸ್ಥಾನ ಇರಲಿಲ್ಲ. ಆದ್ದರಿಂದ ಚರ್ಚಿನ ದಾಖಲೆಯಲ್ಲಿ ಮಗುವಿಗೆ ತಾಯಿಯ ಮನೆತನದ ಇಬಾರ್ಗುರೆನ್ ಹೆಸರನ್ನೇ ಬರೆದರು. ಇವಾಗೆ ಆರು ವರ್ಷವಾಗಿದ್ದಾಗ ತಂದೆ ಅಪಘಾತದಲ್ಲಿ ತೀರಿಕೊಂಡರು. ತಾಯಿ ಬಟ್ಟೆ ಹೊಲಿದು ಐದು ಮಕ್ಕಳನ್ನು ಸಾಕಿದರು. ನಮ್ಮ ಮೊಹಲ್ಲಾದಲ್ಲೂ ಹೀಗೆ ಮಿಷನ್ ತುಳಿದು ಮಕ್ಕಳನ್ನು ಓದಿಸುವ ಅಮ್ಮಿಗಳಿದ್ದಾರೆ. ಹಾಗಾಗಿ ನನಗೆ ಅರ್ಜೆಂಟೀನಾ ಅಷ್ಟು ದೂರ ಅನಿಸಲಿಲ್ಲ.

ಹದಿನೈದನೇ ವಯಸ್ಸಿಗೆ ಇವಾ ರಾಜಧಾನಿ ಬ್ಯೂನಸ್ ಐರಿಸ್‌ಗೆ ಹೋಗಿ ನಾಟಕ, ರೇಡಿಯೋಗಳಲ್ಲಿ ನಟಿಸಿದರು. 1944ರಲ್ಲಿ ಭೂಕಂಪ ಪರಿಹಾರ ನಿಧಿಯ ಕಾರ್ಯಕ್ರಮದಲ್ಲಿ ಕರ್ನಲ್ ಹುವಾನ್ ಪೆರೋನ್ ಅವರ ಪರಿಚಯವಾಯಿತು. ಮರುವರ್ಷ ಮದುವೆ. 1946ರಲ್ಲಿ ಪೆರೋನ್ ಅಧ್ಯಕ್ಷರಾದರು.

1947ರಲ್ಲಿ ಇವಾ ಸ್ಪೇನ್‌ಗೆ ಭೇಟಿ ಕೊಟ್ಟರು. ಅಂತರ್ಯುದ್ಧದ ನಂತರ, ಸರ್ವಾಧಿಕಾರಿ ಫ್ರಾಂಕೋ ಆಳ್ವಿಕೆಯಲ್ಲಿ ಅಲ್ಲಿ ಜನ ಹಸಿದಿದ್ದರು. ಅರ್ಜೆಂಟೀನಾ ಸಾಲವಾಗಿ ಗೋಧಿ ಕೊಡುತ್ತಿತ್ತು. ಇವಾ ಗೌರವಾರ್ಥ ಕಪ್‌ಗೆ ಹೆಸರಿಟ್ಟರು ಎನ್ನುತ್ತಾರೆ. ಕಾಮರ್ಸ್ ಓದುವ ನನಗೆ ಮಾತ್ರ ಅದರ ಹಿಂದೆ ಗೋಧಿಯ ಲೆಕ್ಕವೇ ಕಾಣುತ್ತದೆ. ಆದರೂ ಚರ್ಚಿನ ದಾಖಲೆಯಲ್ಲಿ ಸಿಗದಿದ್ದ ಡುವಾರ್ಟೆ ಎಂಬ ಹೆಸರಿಗಾಗಿ ದೊಡ್ಡ ದೊಡ್ಡ ತಂಡಗಳು ಆಡಿದವು.

ಅದೇ ವರ್ಷ ಅರ್ಜೆಂಟೀನಾದಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು ಕೊಡುವ ಕಾನೂನು ಬಂತು. ಅದಕ್ಕಾಗಿ ಇವಾ ಬಹಳ ಓಡಾಡಿದ್ದರು. ಮುಂದೆ ಅವರ ಪ್ರತಿಷ್ಠಾನ ಆಸ್ಪತ್ರೆ, ಮನೆಗಳನ್ನು ಕಟ್ಟಿತು, ಬಡವರಿಗೆ ಹೊಲಿಗೆ ಯಂತ್ರ ಹಂಚಿತು, ಮಕ್ಕಳಿಗೆ ಫುಟ್‌ಬಾಲ್ ಪಂದ್ಯಾವಳಿ ನಡೆಸಿತು. ಆಡುವ ಮಕ್ಕಳಿಗೆ ವೈದ್ಯಕೀಯ ತಪಾಸಣೆ ಕಡ್ಡಾಯವಾಗಿತ್ತು. ಎಷ್ಟೋ ಬಡ ಮಕ್ಕಳು ವೈದ್ಯರನ್ನು ಕಂಡದ್ದೇ ಆಗ. ಇದು ನನಗೆ ಆ ದೊಡ್ಡ ಕಪ್‌ಗಿಂತ ಮೇಲು. ಆದರೆ ಪ್ರತಿಷ್ಠಾನದ ಲೆಕ್ಕಪತ್ರ ಸ್ಪಷ್ಟವಿರಲಿಲ್ಲ. ಪೆರೋನ್ ಸರ್ಕಾರ ವಿರೋಧಿ ಪತ್ರಿಕೆಗಳ ಬಾಯಿಯನ್ನೂ ಮುಚ್ಚಿಸಿತು. ಇದನ್ನು ಬಿಟ್ಟು ಅವರ ಕಥೆ ಹೇಳುವುದು ನನಗೆ ಸರಿ ಕಾಣುವುದಿಲ್ಲ.

1951ರ ನವೆಂಬರ್‌ನಲ್ಲಿ ಮಹಿಳೆಯರು ಮೊದಲ ಬಾರಿಗೆ ಅಧ್ಯಕ್ಷೀಯ ಚುನಾವಣೆಯಲ್ಲಿ ಮತ ಹಾಕಿದಾಗ ಇವಾ ಕ್ಯಾನ್ಸರ್‌ನಿಂದ ಆಸ್ಪತ್ರೆಯಲ್ಲಿದ್ದರು. ಮತಪೆಟ್ಟಿಗೆಯನ್ನು ಹಾಸಿಗೆಯ ಬಳಿಗೇ ತಂದರು. 1952ರ ಜುಲೈ 26ರಂದು, 33ನೇ ವಯಸ್ಸಿನಲ್ಲಿ ತೀರಿಕೊಂಡರು.

ಆ ವರ್ಷವೂ ಮರುವರ್ಷವೂ ಲೀಗ್, ಕಪ್ ಎರಡನ್ನೂ ಬಾರ್ಸಿಲೋನಾ ಗೆದ್ದಿದ್ದರಿಂದ ಎದುರಾಳಿಯೇ ಇರಲಿಲ್ಲ. ಪಂದ್ಯವಿಲ್ಲದೆ ಕಪ್ ಕೊಟ್ಟರು. ಆಮೇಲೆ ಅದು ನಿಂತೇ ಹೋಯಿತು. 1982ರಲ್ಲಿ ಸೂಪರ್ ಕಪ್ ಶುರುವಾದಾಗ ಅದರಲ್ಲಿ ಇವಾ ಹೆಸರಿರಲಿಲ್ಲ.